ಸಣ್ಣ ಖೋಲಿಗೊಂದು ವಾಲ್ವ್ ಆಂಪ್ಲಿಫೈಯರು

(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳು ಇದೇ ಕೊಠಡಿಯಲ್ಲಿ, ಆ ದಿನಪತ್ರಿಕೆಗಳ ಮೇಜಿನ ಬಳಿ, ಒಬ್ಬ ತರುಣ ನನ್ನ ಪಕ್ಕಕ್ಕೆ ಬಂದು ಕುಳಿತ. ಸಾರಿಗೆ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವವನು. ನಾಲ್ಕು ಜನ ಸೇರಿ ಹಿಡಿದಿರುವ ಖೋಲಿಯಲ್ಲಿ ವಾಸ. ಎರಡು ವರ್ಷದಿಂದ ಗಿಟಾರು ಕಲಿಯುತ್ತಿದ್ದಾನೆ. ಗಣೇಶೋತ್ಸವದ ಆರ್ಕೆಸ್ಟ್ರಾದವರು ನುಡಿಸಲು ಕರೆದಿದ್ದಾರಂತೆ. "ಮಾಮಾ, ಅರವತ್ತು ಸಾವಿರ ಕೂಡಿಟ್ಟಿದ್ದೇನೆ. ಹಳೆಯ ಅಮೆರಿಕನ್ ವಾಲ್ವ್ ಆಂಪು ಒಂದು ಬಂದಿದೆ, ಐವತ್ತು ವಾಟಿನದು. ತೆಗೆದುಕೊಳ್ಳಲೇ?" ಎಂದು ಕೇಳಿದ. ಸ್ವಲ್ಪ ಕೆದಕಿದಾಗ ತಿಳಿಯಿತು, ಆ ಅರವತ್ತರಲ್ಲಿ ಊರಿಗೆ ಕಳಿಸಬೇಕಾದ ಹಣವೂ ಸೇರಿತ್ತು.

ಅವನಿಗೆ ಅಂದು ಹೇಳಿದ್ದನ್ನೇ ಇಂದು ತಮ್ಮ ಮುಂದೆ ಸ್ವಲ್ಪ ವಿಸ್ತರಿಸಿ ನಿವೇದಿಸುತ್ತೇನೆ. ನಾನು ಸಂಗೀತಗಾರನಲ್ಲ. ಮೂವತ್ತೈದು ವರ್ಷ ಹಗಲು ಗುಮಾಸ್ತಗಿರಿ, ಸಂಜೆ ಬೆಸುಗೆಯ ಕಡ್ಡಿ, ಇಷ್ಟೇ ನನ್ನ ವಿದ್ಯೆ. ಆದಕಾರಣ ರಾಗದ ವಿಷಯ ನನ್ನನ್ನು ಕೇಳಬೇಡಿ. ಪೆಟ್ಟಿಗೆಯ ಒಳಗಿನದನ್ನು ಕೇಳಿ.

ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎಂಬುದಿದೆ: ಒಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ. ಮೇಲಿನ ತಂತಿ ಅದುರಿದಾಗ ಈ ಸುರುಳಿಯಲ್ಲಿ ವೋಲ್ಟಿನ ಹತ್ತನೆಯ ಒಂದು ಪಾಲಿನಷ್ಟು ವಿದ್ಯುತ್ತು ಹುಟ್ಟುತ್ತದೆ. ಅದನ್ನು ಮೊದಲನೆಯ ಸಣ್ಣ ವಾಲ್ವು ಹಲವು ಪಟ್ಟು ಹಿಗ್ಗಿಸುತ್ತದೆ. ದೊಡ್ಡ ವಾಲ್ವು ಅದಕ್ಕೆ ಬಲ ಕೊಡುತ್ತದೆ. ಕೊನೆಗೊಂದು ಟ್ರಾನ್ಸ್‌ಫಾರ್ಮರು ಅದನ್ನು ಸ್ಪೀಕರಿಗೆ ಒಪ್ಪಿಸುತ್ತದೆ. ಇದನ್ನೆಲ್ಲ ಟ್ರಾನ್ಸಿಸ್ಟರು ಇನ್ನೂ ಅಗ್ಗವಾಗಿ ಮಾಡುತ್ತದಲ್ಲ ಎಂದರೆ, ಮಾಡುತ್ತದೆ. ವ್ಯತ್ಯಾಸ ಕಾಣುವುದು ಶಕ್ತಿ ಮೀರಿ ಕೆಲಸ ಮಾಡಿಸಿದಾಗ. ಸಾಮಾನ್ಯ ಟ್ರಾನ್ಸಿಸ್ಟರು ಮಿತಿ ಮುಟ್ಟಿದೊಡನೆ ದನಿಯ ತುದಿಯನ್ನು ಕತ್ತಿಯಿಂದ ಕೊಯ್ದಂತೆ ಕತ್ತರಿಸಿಬಿಡುತ್ತದೆ. ವಾಲ್ವು ಸ್ವಲ್ಪ ಸ್ವಲ್ಪವಾಗಿ ಸೋಲುತ್ತದೆ. ತುದಿ ಉರುಟಾಗುತ್ತದೆ, ದನಿ ದಪ್ಪಗಾಗುತ್ತದೆ. ಮೆಲ್ಲನೆ ಮೀಟಿದರೆ ಶುದ್ಧ, ಬಿರುಸಾಗಿ ಮೀಟಿದರೆ ಗಡಸು. ಬೆರಳಿನ ಮಾತನ್ನು ಕೇಳುವ ಈ ಗುಣಕ್ಕಾಗಿಯೇ ಜನ ಇಂದಿಗೂ ಈ ಬಿಸಿಗಾಜಿನ ಬುರುಡೆಗಳ ಬೆನ್ನು ಹತ್ತುತ್ತಾರೆ.

ಇಲ್ಲಿ ಒಂದು ಮಾತನ್ನು ಲಕ್ಷ್ಯವಿಟ್ಟು ಕೇಳಬೇಕು. ಆ ಗಡಸು ದನಿ ಬರಬೇಕಾದರೆ ಆಂಪು ತನ್ನ ಶಕ್ತಿಯ ಕೊನೆಯ ಹತ್ತಿರ ದುಡಿಯುತ್ತಿರಬೇಕು. ಐವತ್ತು ವಾಟಿನದನ್ನು ಖೋಲಿಯಲ್ಲಿ ಅಷ್ಟು ದುಡಿಸಲು ಯಾರು ಬಿಡುತ್ತಾರೆ? ಲೆಕ್ಕ ಹಾಕೋಣ. ಒಂದು ವಾಟಿಗೆ ಒಂದು ಮೀಟರು ದೂರದಲ್ಲಿ 97 ಡೆಸಿಬೆಲ್ ಕೊಡುವ ಸ್ಪೀಕರು ಇದೆಯೆನ್ನಿ. ಅದಕ್ಕೆ 5 ವಾಟು ಕೊಟ್ಟರೆ 104. ಅಷ್ಟಕ್ಕೇ ಪಕ್ಕದ ಮೂರು ಖೋಲಿಯವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. 50 ವಾಟು ಕೊಟ್ಟರೆ 114. ಕಿವಿಗೆ ಇದು ಹತ್ತು ಪಟ್ಟು ಕೇಳಿಸುವುದಿಲ್ಲ; ಹೆಚ್ಚುಕಡಿಮೆ ಎರಡು ಪಟ್ಟು, ಅಷ್ಟೇ. ದುಡ್ಡಿನಲ್ಲಿ, ಭಾರದಲ್ಲಿ, ವಾಲ್ವುಗಳ ಖರ್ಚಿನಲ್ಲಿ ಮಾತ್ರ ಬಹಳ ಅಂತರ. "ಉತ್ಸವದ ಮಂಟಪಕ್ಕೆ ಸಾಲದಲ್ಲ?" ಎಂದು ಹುಡುಗ ಕೇಳಿದ. ಮಂಟಪದಲ್ಲಿ ಮೈಕಿನವರ ಆಳೆತ್ತರದ ಸ್ಪೀಕರುಗಳು ಇದ್ದೇ ಇರುತ್ತವೆ. ನಿನ್ನ ಸಣ್ಣ ಪೆಟ್ಟಿಗೆಯ ಮುಂದೆ ಒಂದು ಮೈಕು ಇಟ್ಟರಾಯಿತು. ಎರಿಕ್ ಕ್ಲಾಪ್ಟನ್ 1970ರಲ್ಲಿ 'ಲೈಲಾ' ಧ್ವನಿಮುದ್ರಣಕ್ಕೆ ಬಳಸಿದ್ದು ಐದಾರು ವಾಟಿನ ಫೆಂಡರ್ ಚಾಂಪ್.

ಈ ಚಾಂಪಿನ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಲಿಯೋ ಫೆಂಡರ್ ನಮ್ಮಂಥವರೇ. ಲೆಕ್ಕಪತ್ರದ ಕೆಲಸ ಮಾಡುತ್ತಿದ್ದವರು, ಕೆಲಸ ಹೋದಮೇಲೆ 1938ರಲ್ಲಿ ಕ್ಯಾಲಿಫೋರ್ನಿಯದ ಫುಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದರು. ಅವರ ಕಂಪನಿಯ ಈ ಅತಿ ಸಣ್ಣ ಆಂಪು 1948ರಲ್ಲಿ ಬಂದು 1982ರವರೆಗೆ ನಡೆಯಿತು. ಒಳಗೆ ಮೂರೇ ವಾಲ್ವು: 12ಎಎಕ್ಸ್7 ಒಂದು, 6ವಿ6 ಒಂದು, ಎ.ಸಿ.ಯನ್ನು ಡಿ.ಸಿ. ಮಾಡುವ 5ವೈ3 ಒಂದು. ಕಲಿಯುವ ಮಕ್ಕಳಿಗೆಂದು ಮಾಡಿದ್ದು. 1965ರಲ್ಲಿ ಕಂಪನಿ ಸಿ.ಬಿ.ಎಸ್. ಕೈಗೆ ಹೋಯಿತು, ಕೆಲವು ವರ್ಷದಲ್ಲಿ ಮುಂಭಾಗದ ಕಪ್ಪು ಪಟ್ಟಿ ಹೋಗಿ ಬೆಳ್ಳಿಯ ಬಣ್ಣದ್ದು ಬಂತು. ಸಂಗ್ರಹಕಾರರು ಕಪ್ಪು ಪಟ್ಟಿಯದಕ್ಕೆ ಹೆಚ್ಚು ಹಣ ಸುರಿಯುತ್ತಾರೆ. ಆದರೆ ಚಾಂಪಿನ ಮಟ್ಟಿಗೆ ಒಳಗಿನ ಜೋಡಣೆ ಬಹುಮಟ್ಟಿಗೆ ಅದೇ ಉಳಿಯಿತು. ಬಣ್ಣಕ್ಕೆ ದುಡ್ಡು ಕೊಡಬೇಡಿ. ಹಳೆಯದೇ ಬೇಕೆನ್ನುವವರು ಬೆಳ್ಳಿ ಪಟ್ಟಿಯ ಚಾಂಪನ್ನು ನೋಡಬಹುದು.

ಹೆಸರಿನ ಭ್ರಮೆಯೂ ಅಷ್ಟೇ. ಲಂಡನ್ನಿನ ಜಿಮ್ ಮಾರ್ಷಲ್ ಡೋಲು ಮಾರುವ ಅಂಗಡಿಯವರು. ಅಮೆರಿಕದ ಫೆಂಡರ್ ಬಾಸ್‌ಮನ್ ಆಂಪು ಅಲ್ಲಿನ ಹುಡುಗರಿಗೆ ಎಟುಕದಷ್ಟು ದುಬಾರಿ. 1962ರಲ್ಲಿ ಅಂಗಡಿಯವರು ಅದೇ ನಕ್ಷೆಯಂತೆ, ತಮ್ಮ ಪೇಟೆಯಲ್ಲಿ ಸಿಕ್ಕುವ ಬಿಡಿಭಾಗಗಳಿಂದಲೇ ಒಂದನ್ನು ಕಟ್ಟಿದರು. ಬಿಡಿಭಾಗ ಬೇರೆಯಾದುದರಿಂದ ದನಿಯೂ ಬೇರೆಯಾಯಿತು. ಅದೇ ಮುಂದೆ ಜಗತ್ಪ್ರಸಿದ್ಧವಾಯಿತು. ಇಂದು ಅದರ ಮೊದಲ ಪೆಟ್ಟಿಗೆಗಳನ್ನು ನಮ್ಮಂಥವರು ಗಾಜಿನ ಆಚೆಯಿಂದ ನೋಡಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಅದು ಜೀವದ ವಿಷಯ. 1987ರಲ್ಲಿ ನಾನು ಹಳೆಯ ಸಾಮಾನಿನ ಅಂಗಡಿಯೊಂದರಿಂದ ವಾಲ್ವ್ ರೇಡಿಯೋ ತಂದೆ. ಅಂಗಡಿಯಾತನೇ ಅದಕ್ಕೆ ಗಿಟಾರಿನ ಜ್ಯಾಕು ಕೂಡಿಸಿ ಕೊಟ್ಟಿದ್ದ. ಎರಡು ದಿನ ಚೆನ್ನಾಗಿ ಹಾಡಿತು. ಮೂರನೆಯ ದಿನ ಪ್ಲಗ್ಗನ್ನು ತಿರುಗುಮುರುಗಾಗಿ ಚುಚ್ಚಿದ್ದೆನೆಂದು ಕಾಣುತ್ತದೆ. ಎಡಗೈ ತಂತಿಯ ಮೇಲೆ. ಬಲ ಮೊಳಕೈ ಮೋರಿಯ ನಲ್ಲಿಗೆ ತಗುಲಿತು. ಮುಂದಿನದು ನೆನಪಿಲ್ಲ. ಜೊತೆಯಲ್ಲಿದ್ದ ಹೋಟೆಲಿನ ಹುಡುಗ ಗೋಡೆಯ ಸ್ವಿಚ್ಚು ಆರಿಸಿದ್ದರಿಂದ ಇಂದು ತಮ್ಮೆದುರು ನಿಂತಿದ್ದೇನೆ.

ಕಾರಣ ಇಷ್ಟು. ಕೆಲವು ಅಗ್ಗದ ರೇಡಿಯೋಗಳಲ್ಲೂ, 1950–60ರ ದಶಕಗಳ ಕೆಲವು ಸಣ್ಣ ಅಮೆರಿಕನ್ ಆಂಪುಗಳಲ್ಲೂ ಖರ್ಚು ಉಳಿಸಲು ಪವರ್ ಟ್ರಾನ್ಸ್‌ಫಾರ್ಮರನ್ನೇ ಹಾಕುತ್ತಿರಲಿಲ್ಲ. ಗೋಡೆಯ ಕರೆಂಟಿನ ಒಂದು ತಂತಿ ನೇರವಾಗಿ ಲೋಹದ ತಟ್ಟೆಗೇ ಸೇರುತ್ತಿತ್ತು. ಗಿಟಾರಿನ ತಂತಿಗಳು ಅದೇ ತಟ್ಟೆಗೆ ಕೂಡಿರುತ್ತವೆ. ಅಮೆರಿಕದ ಪಾಶ್ಚಾತ್ಯ ಹುಡುಗರು ಇವುಗಳನ್ನು 'ವಿಧವೆ ಮಾಡುವ ಪೆಟ್ಟಿಗೆ' ಎಂದು ಕರೆಯುವುದು ಸುಮ್ಮನೆ ಅಲ್ಲ.

ಇದನ್ನು ಗುರುತಿಸುವ ಉಪಾಯ ವಾಲ್ವಿನ ಮೇಲೆಯೇ ಅಚ್ಚಾಗಿದೆ. ಅಮೆರಿಕನ್ ಹೆಸರಿನ ಮೊದಲ ಅಂಕೆ ಅದರ ಹೀಟರಿನ ವೋಲ್ಟು. 6ವಿ6 ಎಂದರೆ ಆರು ಚಿಲ್ಲರೆ ವೋಲ್ಟು. 50ಸಿ5, 35ಡಬ್ಲ್ಯೂ4 ಎಂದಿದ್ದರೆ ಐವತ್ತು, ಮೂವತ್ತೈದು. ಅಂಥವನ್ನು ಸಾಲಾಗಿ ಪೋಣಿಸಿ ನೂರರ ಆಸುಪಾಸಿನ ಮೊತ್ತ ಮಾಡಿ ನೇರ ಗೋಡೆಗೆ ಕಟ್ಟುವುದೇ ಆ ಉಳಿತಾಯದ ಗುಟ್ಟು. ಯುರೋಪಿನ ಹೆಸರಾದರೆ ಮೊದಲ ಅಕ್ಷರ ನೋಡಿ: ಯುಸಿಎಲ್82, ಯುವೈ85, ಹೀಗೆ 'ಯು' ಇದ್ದರೆ ಅದೂ ಆ ಜಾತಿಯದೇ. ಅಂಥ ಪೆಟ್ಟಿಗೆಯನ್ನು ಗಿಟಾರಿಗೆಂದು ಕೊಳ್ಳಲೇಬೇಡಿ. 'ಇ' ಅಕ್ಷರದ ಇಎಲ್84, ಇಸಿಸಿ83 ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುವಲ್ಲಿ ಬರುತ್ತವೆ. ಆದರೂ ಬಲ್ಲವರಿಂದ ಮೀಟರು ಹಿಡಿಸಿ ನೋಡಿಸದೆ ನಂಬಬಾರದು.

ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಆಂಪಿಗೂ ಮೂರು ಖರ್ಚು ಹಿಡಿದಿಟ್ಟುಕೊಳ್ಳಿ. ಎರಡು ಪಿನ್ನಿನ ವೈರು ತೆಗೆಸಿ ಅರ್ಥಿಂಗ್ ಇರುವ ಮೂರು ಪಿನ್ನಿನದು ಹಾಕಿಸಬೇಕು. ಗೋಡೆಯ ತಂತಿಗೂ ತಟ್ಟೆಗೂ ನಡುವೆ ಹಳಬರು ಹಾಕುತ್ತಿದ್ದ ಸಣ್ಣ ಕಂಡೆನ್ಸರನ್ನು ಆಗಲೇ ಕಿತ್ತುಹಾಕಿಸಬೇಕು. ದೊಡ್ಡ ಕಂಡೆನ್ಸರುಗಳು ಇಪ್ಪತ್ತು–ಇಪ್ಪತ್ತೈದು ವರ್ಷದಲ್ಲಿ ಒಣಗುತ್ತವೆ, ಅವನ್ನು ಬದಲಾಯಿಸಬೇಕು. ಅಮೆರಿಕದ ಪೆಟ್ಟಿಗೆ 120 ವೋಲ್ಟಿನದು, ನಮ್ಮದು 230. ನೇರ ಚುಚ್ಚಿದರೆ ಸುಟ್ಟಿತು. ಸ್ಟೆಪ್‌ಡೌನ್ ಬೇಕು. ಅಲ್ಲಿ 60 ಆವರ್ತನ, ಇಲ್ಲಿ 50. ಆದ್ದರಿಂದ ಅದರ ಟ್ರಾನ್ಸ್‌ಫಾರ್ಮರು ಇಲ್ಲಿ ಹೆಚ್ಚು ಬಿಸಿಯಾಗುತ್ತದೆ. ದಯವಿಟ್ಟು ತಾವೇ ಬಿಚ್ಚಿ ಕೈಹಾಕಬೇಡಿ. ಒಳಗೆ ಮುನ್ನೂರು–ನಾನೂರು ವೋಲ್ಟು ಇರುತ್ತದೆ. ಸ್ವಿಚ್ಚು ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಕಾದು ಕೂತಿರಬಹುದು.

ಅಂಗಡಿಯಲ್ಲಿ ಹತ್ತು ನಿಮಿಷ ನಾಚಿಕೆಯಿಲ್ಲದೆ ಕಳೆಯಿರಿ. ಸ್ಪೀಕರು ಕೂಡಿಸದೆ ಆಂಪು ಹಚ್ಚಬಾರದು, ಕೊನೆಯ ಟ್ರಾನ್ಸ್‌ಫಾರ್ಮರು ಹೋಗುತ್ತದೆ. ಹಚ್ಚಿದ ಮೇಲೆ ದನಿಯ ಗುಬ್ಬಿಯನ್ನು ಪೂರ್ತಿ ಇಳಿಸಿ ಕೇಳಿ. ಆಗಲೂ ದುಂಬಿಯಂತೆ ಗುಂಯ್ಗುಟ್ಟಿದರೆ ಕಂಡೆನ್ಸರು. ಗುಬ್ಬಿ ತಿರುಗಿಸುವಾಗ ಬರಬರ ಎಂದರೆ ಬರಿಯ ದೂಳು, ಅದಕ್ಕೆ ಹೆದರಬೇಕಿಲ್ಲ, ಬೆಲೆ ಇಳಿಸಲು ಉಪಯೋಗಿಸಿ. ಸಣ್ಣ ವಾಲ್ವನ್ನು ಪೆನ್ಸಿಲಿನಿಂದ ತಟ್ಟಿದಾಗ ಸ್ಪೀಕರಿನಲ್ಲಿ ಗಂಟೆ ಹೊಡೆದಂತಾದರೆ ಅದೊಂದನ್ನು ಬದಲಾಯಿಸಿದರೆ ಸಾಕು. ದೊಡ್ಡ ವಾಲ್ವಿನ ಒಳತಗಡು ಕೆಂಪಗೆ ಕಾದರೆ ಮಾತ್ರ ಕೂಡಲೇ ಆರಿಸಿ. ಟ್ರಾನ್ಸ್‌ಫಾರ್ಮರಿನಿಂದ ಸುಟ್ಟ ವಾಸನೆ ಬಂದರೆ ನಮಸ್ಕಾರ ಹೇಳಿ ಹೊರಟುಬಿಡಿ.

ಹೊಸತರಲ್ಲಿ ನಮ್ಮ ಕೈಗೆಟುಕುವವು ಇವೆ. ಬುಗೇರಾ ವಿ5ನಲ್ಲಿ ಐದು ವಾಟನ್ನು ಒಂದಕ್ಕೆ, ಒಂದರ ಹತ್ತನೆಯ ಪಾಲಿಗೆ ಇಳಿಸುವ ಸ್ವಿಚ್ಚಿದೆ; ಖೋಲಿಯವರಿಗೆಂದೇ ಮಾಡಿದಂತಿದೆ. ವೋಕ್ಸ್ ಎಸಿ4, ಮಾರ್ಷಲ್ ಡಿ.ಎಸ್.ಎಲ್. ಸಾಲಿನ ಸಣ್ಣವು ಇದೇ ವರ್ಗ. ಎಪಿಫೋನ್ ವಾಲ್ವ್ ಜೂನಿಯರ್ ಈಗ ತಯಾರಾಗುವುದಿಲ್ಲ. ಬಳಸಿದ್ದು ಸಿಕ್ಕರೆ ಎರಡೇ ವಾಲ್ವಿನ ಸರಳ ಪೆಟ್ಟಿಗೆ, ರಿಪೇರಿಗೆ ಸುಲಭ. ಸ್ವತಂತ್ರವಾಗಿ ಕಾರ್ಯಕ್ರಮ ಕೊಡುವವರಿಗೆ ಹದಿನೈದು ವಾಟಿನ ಫೆಂಡರ್ ಬ್ಲೂಸ್ ಜೂನಿಯರ್. ಅಗ್ಗದ ಹೊಸತರ ದೋಷವೆಂದರೆ ವಾಲ್ವಿನ ಸಾಕೆಟನ್ನು ತೆಳು ಹಲಗೆಗೇ ಬೆಸೆದಿರುತ್ತಾರೆ. ಬಿಸಿಯಿಂದ ಬೆಸುಗೆ ಬಿರುಕು ಬಿಡುತ್ತದೆ. ಲ್ಯಾಮಿಂಗ್ಟನ್ ರಸ್ತೆಯಲ್ಲೋ, ಚೆನ್ನೈಯವರಾದರೆ ರಿಚಿ ಸ್ಟ್ರೀಟಿನಲ್ಲೋ ಕೈನುರಿತವರಿಗೆ ಅರ್ಧ ಗಂಟೆಯ ಕೆಲಸ.

ವಾಲ್ವು ಈಗಲೂ ಸಿಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ರಷ್ಯ, ಸ್ಲೊವಾಕಿಯ, ಚೀನಗಳಲ್ಲಿ ತಯಾರಾಗುತ್ತವೆ. ಒಂದು ಕಾಲದಲ್ಲಿ ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸಿನವರು 1960ರ ದಶಕದಿಂದ ರೇಡಿಯೋ ವಾಲ್ವು ಮಾಡುತ್ತಿದ್ದರು. ಬಿ.ಇ.ಎಲ್. ಅಚ್ಚಿನ ಹಳೆಯ ಇಎಲ್84ಗಳನ್ನು ಇಂದು ಹೊರದೇಶದ ಗಿಟಾರಿನವರು ಹುಡುಕಿ ಕೊಳ್ಳುತ್ತಾರೆ. ಮನೆಯ ಅಟ್ಟದಲ್ಲಿ ರಟ್ಟಿನ ಡಬ್ಬಿ ಕಂಡರೆ ರದ್ದಿಯವನಿಗೆ ಹಾಕುವ ಮೊದಲು ನನಗೆ ತೋರಿಸಿ.

ಇನ್ನೂ ಕೈಬೆರಳು ಕೂಡದವರಿಗೆ ಒಂದು ಮಾತು. ಈಗಿನ ಟ್ರಾನ್ಸಿಸ್ಟರ್ ಆಂಪುಗಳು ಒಳ್ಳೆಯವೇ. ಹೆಡ್‌ಫೋನು ಸಿಕ್ಕಿಸಿ ರಾತ್ರಿಪಾಳಿಯಿಂದ ಬಂದ ಜೊತೆಗಾರನ ನಿದ್ದೆ ಕೆಡಿಸದೆ ಅಭ್ಯಾಸ ಮಾಡಬಹುದು. ಮೊದಲು ಅದು. ವಾಲ್ವು ಆಮೇಲೆ.

ಆ ತರುಣನ ಜೊತೆ ಐವತ್ತು ವಾಟಿನದನ್ನು ನೋಡಲು ಹೋಗಿದ್ದೆ. ಎರಡು ಪಿನ್ನು, ಸುಟ್ಟ ವಾಸನೆ. ಹಿಂದಿರುಗಿದೆವು. ಮೂರು ವಾರದ ಮೇಲೆ ಬಳಸಿದ ಐದು ವಾಟಿನದೊಂದು ಸಿಕ್ಕಿತು. ಮಿಕ್ಕ ಹಣ ಊರಿಗೆ ಹೋಯಿತು. ಪಕ್ಕದ ಖೋಲಿಯ ಅಜ್ಜಿ ಮಾತ್ರ ಅದೂ ಹೆಚ್ಚಾಯಿತೆನ್ನುತ್ತಾರಂತೆ.

ತಿಂಗಳ ಎರಡನೆಯ ಭಾನುವಾರ ನಾನು ಇಲ್ಲಿಗೆ ಮೀಟರು ತರುತ್ತೇನೆ. ದುಡ್ಡು ಕೊಟ್ಟಮೇಲೆ ಬರಬೇಡಿ, ಕೊಡುವ ಮೊದಲು ಬನ್ನಿ. ಈಗ ಪ್ರಶ್ನೆಗಳಿದ್ದರೆ ಕೇಳಬಹುದು.