ನಮ್ಮ ಮಾತು, ಅವರ ಕಡತ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)

ಗೆಳೆಯರೆ,

ನಮ್ಮ ಸಭೆ ಎಲ್ಲೇ ನಡೆಯಲಿ, ಹಿಂದಿನ ಸಾಲಲ್ಲಿ ಮಫ್ತಿಯವರೊಬ್ಬರು ಕೂತು ಬರಕೊಳ್ತಿರ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರದೂ ಹೊಟ್ಟೆಪಾಡು. ನಾನು ಕೇಳೋದು ಆ ಹಾಳೆಯ ಬಗ್ಗೆ. ಅದು ಎಲ್ಲಿಗೆ ಹೋಗುತ್ತೆ? ಎಷ್ಟು ವರ್ಷ ಇರುತ್ತೆ? ನಾಳೆ ನಿಮಗೆ ಕೆಲಸ ಸಿಕ್ಕಾಗ, ಪೊಲೀಸ್ ವೆರಿಫಿಕೇಷನ್ ಅಂತ ಯಾರ ಮೇಜಿನ ಮೇಲೆ ತೆರೆದುಕೊಳ್ಳುತ್ತೆ?

1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಅಮೆರಿಕಾದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರನ್ನು ಹೊತ್ತುಕೊಂಡಿತು. ಆ ದೇಶದ ಕತೆ ಕೇಳಿ. 1971ರ ಮಾರ್ಚ್ 8ರ ರಾತ್ರಿ. ಮಹಮದ್ ಅಲಿ, ಜೋ ಫ್ರೇಜಿಯರ್ ಬಾಕ್ಸಿಂಗಿಗೆ ದೇಶವೆಲ್ಲ ಕಿವಿಗೊಟ್ಟಿತ್ತು. ಆ ಹೊತ್ತು ನೋಡಿ 8 ಜನ ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಊರಿನ ಎಫ್.ಬಿ.ಐ. ಕಚೇರಿಗೆ ನುಗ್ಗಿ, ಕಡತಗಳನ್ನು ಹೊತ್ತು ತಂದು ಪತ್ರಿಕೆಗಳಿಗೆ ಕಳಿಸಿದರು. ಒಳಗೆ ಏನಿತ್ತು ಗೊತ್ತಾ? ಕಪ್ಪು ವಿದ್ಯಾರ್ಥಿ ಸಂಘಗಳ ಮೇಲೆಲ್ಲ ಕಣ್ಣಿಡಿ ಎಂಬ ಆದೇಶ! ಓದೋ ಹುಡುಗರು ಸಂಘ ಕಟ್ಟಿದ್ದೇ ಅಪರಾಧ.

1974ರಲ್ಲಿ ಅಲ್ಲಿ ಪ್ರೈವಸಿ ಆಕ್ಟ್ ಬಂತು. ಸಂವಿಧಾನದ ಮೊದಲ ತಿದ್ದುಪಡಿ ಕೊಟ್ಟ ಮಾತು, ಬರಹ, ಸಭೆ, ಧರ್ಮದ ಹಕ್ಕನ್ನು ಒಬ್ಬ ಪ್ರಜೆ ಹೇಗೆ ಬಳಸಿದ ಅಂತ ಕೇಂದ್ರದ ಯಾವ ಇಲಾಖೆಯೂ ದಾಖಲೆ ಇಡಕೂಡದು ಎಂದು ಅದರಲ್ಲಿದೆ. ಬೇರೆ ಕಾಯಿದೆ ಸ್ಪಷ್ಟವಾಗಿ ಒಪ್ಪಿದ್ದರೆ, ಆತನೇ ಒಪ್ಪಿದರೆ, ಇಲ್ಲ ಪೊಲೀಸ್ ಕೆಲಸದ ವ್ಯಾಪ್ತಿಗೆ ಬಂದರೆ ಇಡಬಹುದು. ಈ ಕೊನೆಯ ಕಿಂಡಿಯಲ್ಲಿ ಆನೆಯೇ ನುಗ್ಗಬಹುದು, ನಿಜ. ಆದರೂ ಬರೆಯೋ ಸರ್ಕಾರಕ್ಕೂ ಒಂದು ಗೆರೆ ಎಳೆದರಲ್ಲ!

ನಮ್ಮಲ್ಲಿ? ಉತ್ತರ ಪ್ರದೇಶದ ಖರಕ್ ಸಿಂಗ್ ಡಕಾಯಿತಿ ಕೇಸಿನಲ್ಲಿ ಸಾಕ್ಷಿಯಿಲ್ಲದೆ ಬಿಡುಗಡೆಯಾದವನು. ಆದರೂ ಪೊಲೀಸರು ಹಿಸ್ಟರಿ ಶೀಟ್ ತೆರೆದರು, ರಾತ್ರಿ ಬಾಗಿಲು ಬಡಿದರು. 1962ರಲ್ಲಿ ಸುಪ್ರೀಂ ಕೋರ್ಟು ರಾತ್ರಿ ಹೋಗೋದು ತಪ್ಪು ಅಂತು. ಜೊತೆಗೇ ಖಾಸಗಿತನ ಮೂಲಭೂತ ಹಕ್ಕಲ್ಲ ಅಂತಲೂ ಅಂತು. ಆ ಮಾತು ಅಳಿಸೋಕೆ 55 ವರ್ಷ ಬೇಕಾಯ್ತು. 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಕೇಸಿನಲ್ಲಿ, 9 ನ್ಯಾಯಮೂರ್ತಿಗಳು ಒಮ್ಮತದಿಂದ ಅದು ಮೂಲಭೂತ ಹಕ್ಕು ಎಂದರು. ಆದರೆ 2023ರ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯಿದೆಯಲ್ಲಿ, ಭದ್ರತೆ, ಸುವ್ಯವಸ್ಥೆಯ ಹೆಸರಲ್ಲಿ ಸರ್ಕಾರ ತನ್ನ ಸಂಸ್ಥೆಗಳಿಗೆ ತಾನೇ ವಿನಾಯಿತಿ ಕೊಟ್ಟುಕೊಳ್ಳಬಹುದು. ಬೇಲಿ ಹಾಕಿದವರೇ ತಮಗೊಂದು ತಡಿಕೆ ಬಿಟ್ಟುಕೊಂಡ ಹಾಗೆ.

ಗೆಳೆಯರೆ, ನಮ್ಮಪ್ಪಂದಿರಿಗೆ ಅಕ್ಷರ ಕೊಡದ ಸಮಾಜ ಇದು. ಅವರ ಹೆಬ್ಬೆಟ್ಟಿನ ಮೇಲೆ ಬೇರೆಯವರು ಏನೇನೋ ಬರಕೊಂಡರು. ಅಕ್ಷರ ಕಲಿತು ನಾವು ಬಾಯಿಬಿಟ್ಟರೆ, ಈಗ ಆ ಮಾತನ್ನೇ ಕಡತ ಮಾಡ್ತಾರೆ. ಹಾಗಂತ ಹೆದರಿ ಸಭೆಗೆ ಬರೋದು ಬಿಟ್ಟರೆ ಕಡತ ಗೆದ್ದಂತೆ.

ನಾವು ಕೇಳೋದು ಮೂರೇ. ಅಪರಾಧ ಮಾಡಿದ್ದರೆ ಬರೀರಿ, ಮಾತಾಡಿದ್ದಕ್ಕೆ ಬರೀಬೇಡಿ. ಬರೆದಿದ್ದರೆ ನಮಗೆ ತೋರಿಸಿ, ತಪ್ಪಿದ್ದರೆ ತಿದ್ದಿ. ಅವಧಿ ಮುಗಿದ ಮೇಲೆ ಹರಿದುಹಾಕಿ. 19ನೇ ವಿಧಿಯಲ್ಲಿ ಮಾತಿನ ಹಕ್ಕು ಇದೆ. ಅದನ್ನು ಬಳಸಿದ್ದಕ್ಕೆ ಲೆಕ್ಕ ಇಡೋದಾದರೆ ಅದು ಹಕ್ಕಲ್ಲ, ಸಾಲ.

ಹಿಂದೆ ಕೂತಿರೋ ಅಣ್ಣನವರೆ, ಇದನ್ನೂ ಬರಕೊಳ್ಳಿ. ಒಂದಕ್ಷರ ಬಿಡದೆ ಸರಿಯಾಗಿ ಬರಕೊಳ್ಳಿ.

ಜೈ ಭೀಮ್.