ಮಗ್ಗದ ಮೇಲೊಂದು ಮೆತ್ತನೆಯ ಹೂವು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಶಾಲೆಗೆ 50 ವರ್ಷ ತುಂಬಿದ ಈ ಸಂದರ್ಭದಲ್ಲಿ ‘ಕಂಪ್ಯೂಟರ್ ಮತ್ತು ನಮ್ಮ ಊರು’ ಎಂಬ ವಿಷಯದ ಮೇಲೆ ಮಾತಾಡಬೇಕೆಂದು ಸಮಿತಿಯವರು ಹೇಳಿದ್ದಾರೆ. ವಿಷಯ ದೊಡ್ಡದು, ಕೊಟ್ಟ ಸಮಯ ಸಣ್ಣದು. ಸಾಫ್ಟ್‌ವೇರ್ ಕೆಲಸದವರು ಬಂದರೆ ಪರೀಕ್ಷೆ, ನೌಕರಿ, ಪಗಾರದ ಮಾತು ಆಡುತ್ತಾರೆ ಎಂದು ನೀವು ಎಣಿಸಿರಬಹುದು. ನಾನು ಇವತ್ತು ಒಂದೇ ಒಂದು ಹೂವಿನ ಬಗ್ಗೆ ಹೇಳುತ್ತೇನೆ. ಅಂಚು ಮಸುಕಾಗಿ, ಬಣ್ಣ ಬಣ್ಣದೊಳಗೆ ಕರಗಿದಂತೆ ಕಾಣುವ ಹೂವನ್ನು ಕಂಪ್ಯೂಟರಿನಲ್ಲಿ ಹೇಗೆ ಬಿಡಿಸುತ್ತಾರೆ, ಅದನ್ನು ನಮ್ಮ ಮಗ್ಗಕ್ಕೆ ಹೇಗೆ ಇಳಿಸಬಹುದು ಎಂಬುದಷ್ಟೇ ನನ್ನ ವಿಷಯ.

ಈ ಪ್ರಶ್ನೆ ನನ್ನದಲ್ಲ, ಬನಹಟ್ಟಿಯಲ್ಲಿರುವ ನಮ್ಮ ಕಾಕಾನದು. ಅವರ ಮನೆಯಲ್ಲಿ ಜಕಾರ್ಡ್ ಕೂಡಿಸಿದ ನಾಲ್ಕು ಪಾವರ್‌ಲೂಮ್ ಇವೆ. ಎರಡು ವರ್ಷದ ಹಿಂದೆ ದೀಪಾವಳಿಗೆ ಬಂದಾಗ ಅವುಗಳಲ್ಲಿ ಎರಡು ನಿಂತಿದ್ದವು. ಕಾಕಾ ಒಂದು ಪ್ರಿಂಟ್ ಸೀರೆ ತಂದು ನನ್ನ ಮುಂದೆ ಹಾಸಿ, “ತಮ್ಮಾ, ನೀ ಕಂಪ್ಯೂಟರ್ ಕಲತಾಂವ. ಈ ಹೂ ನಮ್ಮ ಮಗ್ಗದಾಗ ಇಳಸಾಕ ಬರತೈತೇನ ನೋಡು. ಗಿರಾಕಿ ಇಂಥಾದ್ದ ಕೇಳತಾರ” ಅಂದರು. ಆ ಸೀರೆಯ ಮೇಲೆ ನೀರಿನಲ್ಲಿ ಬಣ್ಣ ಬಿಟ್ಟಂಥ ದೊಡ್ಡ ಗುಲಾಬಿ ಹೂವುಗಳಿದ್ದವು. ಎಸಳು ಎಲ್ಲಿ ಮುಗಿಯಿತು, ಬಟ್ಟೆ ಎಲ್ಲಿ ಸುರುವಾಯಿತು ಎಂದು ಗೆರೆ ಎಳೆದು ಹೇಳುವಂತಿರಲಿಲ್ಲ.

ಪ್ರಿಂಟಿನವರಿಗೆ ಇದು ಸುಲಭ. ಸೂರತ್ತಿನಂಥ ಊರುಗಳಲ್ಲಿ ಮೊದಲು ಬಟ್ಟೆ ತಯಾರಾಗುತ್ತದೆ, ಹೂವು ಆಮೇಲೆ ಅದರ ಮೇಲೆ ಬೀಳುತ್ತದೆ. ಬೇಕಾದಲ್ಲಿ ಬಣ್ಣ ದಟ್ಟ ಮಾಡಬಹುದು, ಬೇಕಾದಲ್ಲಿ ತೆಳು ಮಾಡಬಹುದು. ನೇಯ್ಗೆಯಲ್ಲಿ ಹಾಗಲ್ಲ. ಬಟ್ಟೆ ಮತ್ತು ಹೂವು ಒಟ್ಟಿಗೇ ಹುಟ್ಟಬೇಕು. ಪ್ರತಿ ಸಲ ಲಾಳಿ ಓಡುವಾಗ ಹಾಸಿನ ಒಂದೊಂದು ಎಳೆ ಮೇಲೆ ಏಳಬೇಕು ಇಲ್ಲವೇ ಕೆಳಗೆ ಉಳಿಯಬೇಕು. ಎದ್ದರೆ ಹಾಸಿನ ಬಣ್ಣ ಕಾಣುತ್ತದೆ, ಉಳಿದರೆ ಹೊಕ್ಕಿನ ಬಣ್ಣ ಕಾಣುತ್ತದೆ. ಅರ್ಧ ಏಳುವ ಎಳೆ ಎಂಬುದಿಲ್ಲ. ನಮ್ಮ ಸೀರೆಯ ದಡಿಗಳಲ್ಲಿ ಗೋಪುರ, ಚೌಕಡಿ, ಮೆಟ್ಟಿಲು ಮೆಟ್ಟಿಲಾದ ಹೂವುಗಳು ಹೆಚ್ಚಾಗಿ ಇರುವುದಕ್ಕೆ ಇದೂ ಒಂದು ಕಾರಣ. ಎಳೆ ಎಣಿಸಿ ಹಾಕುವ ಕಸೂತಿಯ ಹೂವು ಕೂಡ ಹಾಗೆಯೇ ಇರುತ್ತದೆ.

ಹಾಗಾದರೆ ಮಸುಕು ಎಂದರೇನು? ಹತ್ತನೇ ತರಗತಿಯ ಮಕ್ಕಳಿಗೆ ಇದು ಸರಾಸರಿಯ ಲೆಕ್ಕ. ಒಂದು ಸಾಲಿನಲ್ಲಿ ಆರು ಚೌಕಗಳಿವೆ, ಬಣ್ಣದ ದಟ್ಟಣೆ 0, 0, 0, 90, 90, 90 ಎಂದಿಟ್ಟುಕೊಳ್ಳಿ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಕತ್ತಿಯಲ್ಲಿ ಕೊಯ್ದಂಥ ಅಂಚಿದೆ. ಈಗ ಪ್ರತಿ ಚೌಕಕ್ಕೆ ತನ್ನದು ಮತ್ತು ಎಡಬಲದ ನೆರೆಯವರದು ಸೇರಿಸಿ ಸರಾಸರಿ ತೆಗೆಯಿರಿ. 0, 0, 30, 60, 90, 90 ಬರುತ್ತದೆ. ಇನ್ನೊಮ್ಮೆ ಮಾಡಿರಿ, 0, 10, 30, 60, 80, 90 ಆಗುತ್ತದೆ. ಗೋಡೆಯಂತಿದ್ದ ಅಂಚು ಇಳಿಜಾರಾಯಿತು. ಕಣ್ಣಿಗೆ ಅದೇ ಮೆತ್ತಗೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಇದೇ ಬಗೆಯ ಒಂದು ವಿಧಾನಕ್ಕೆ ಗಾಸಿಯನ್ ಬ್ಲರ್ ಎನ್ನುತ್ತಾರೆ. ಜರ್ಮನಿಯ ಗಣಿತಜ್ಞ ಗಾಸ್ ಅವರ ಹೆಸರಿನ ಗಂಟೆಯಾಕಾರದ ರೇಖೆಯಂತೆ ಹತ್ತಿರದ ನೆರೆಯವರಿಗೆ ಹೆಚ್ಚು ತೂಕ, ದೂರದವರಿಗೆ ಕಡಿಮೆ ತೂಕ ಕೊಟ್ಟು ತೆಗೆದ ಸರಾಸರಿ ಅದು. ಗಣಿತದ ತಾಸಿನಲ್ಲಿ ‘ಇದು ಎಲ್ಲಿ ಉಪಯೋಗ ಸರ್’ ಎಂದು ಕೇಳುವವರು ಈ ಸೀರೆಯನ್ನು ನೆನೆಯಬಹುದು.

ಇನ್ನು ಹೂವು ಬಿಡಿಸುವ ಕೆಲಸ. ಇದಕ್ಕೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ. ಇಂಕ್‌ಸ್ಕೇಪ್, ಕ್ರಿಟಾ, ಗಿಂಪ್ ಮೂರೂ ಮುಕ್ತ ತಂತ್ರಾಂಶಗಳು. ಶಾಲೆಯ ಕಂಪ್ಯೂಟರಿಗೆ ಪುಕ್ಕಟೆಯಾಗಿ ಹಾಕಿಕೊಳ್ಳಬಹುದು.

ನಾನು ಗುಲಾಬಿ ಬಿಟ್ಟು ಹತ್ತಿ ಹೂವು ಆರಿಸಿಕೊಂಡೆ. ಹತ್ತಿ ಸೀರೆಯ ಮೇಲೆ ಹತ್ತಿ ಹೂವು ಯಾಕಿರಬಾರದು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಆ ಹೂವಿನ ಸ್ವಭಾವ. ಹೊಲಕ್ಕೆ ಹೋದವರಿಗೆ ಗೊತ್ತು, ಈಗ ಹೆಚ್ಚಾಗಿ ಬೆಳೆಯುವ ಹತ್ತಿಯ ಹೂವು ಅರಳಿದ ದಿನ ಕೆನೆ ಬಣ್ಣ, ಮರುದಿನ ಗುಲಾಬಿ. ಬಣ್ಣ ಕರಗುವುದನ್ನು ಅದಕ್ಕೆ ಯಾರೂ ಕಲಿಸಬೇಕಿಲ್ಲ. ದೇಸಿ ಹತ್ತಿಯಲ್ಲಿ ಹಳದಿ ಎಸಳಿನ ಬುಡಕ್ಕೆ ಕಡುಗೆಂಪು ಮಚ್ಚೆ ಇರುತ್ತದೆ. ಆ ಮಚ್ಚೆಯನ್ನೂ ತೆಗೆದುಕೊಂಡೆ.

ಇಂಕ್‌ಸ್ಕೇಪಿನಲ್ಲಿ ಪೆನ್ ಉಪಕರಣದಿಂದ ಒಂದು ಎಸಳಿನ ಆಕಾರ ಎಳೆಯಬೇಕು. ಒಂದರ ಮೇಲೊಂದು ಸ್ವಲ್ಪ ಸುತ್ತಿಕೊಂಡಂತೆ ಐದು ಎಸಳು ಜೋಡಿಸಬೇಕು. ಪ್ರತಿ ಎಸಳಿಗೆ ಗ್ರೇಡಿಯಂಟ್ ತುಂಬಬೇಕು, ಬುಡದಲ್ಲಿ ದಟ್ಟ, ತುದಿಗೆ ಹೋದಂತೆ ತೆಳು. ಆಮೇಲೆ ಇಡೀ ಹೂವಿನ ಒಂದು ನಕಲು ಮಾಡಿ, ಸ್ವಲ್ಪ ದೊಡ್ಡದಾಗಿಸಿ, ಕೆಳಗಿನ ಪದರದಲ್ಲಿಟ್ಟು, ಬ್ಲರ್ ಹೆಚ್ಚಿಸಿ, ಪಾರದರ್ಶಕತೆ ಕೊಡಬೇಕು. ಮೇಲಿನ ಹೂವಿಗೆ ಸ್ವಲ್ಪವೇ ಬ್ಲರ್ ಸಾಕು. ಕೆಳಗಿನ ಪದರ ನೆರಳಿನಂತೆ ಸುತ್ತ ಹರಡುತ್ತದೆ. ಎಲೆಗಳಿಗೆ ಹೂವಿಗಿಂತ ಹೆಚ್ಚು ಬ್ಲರ್ ಕೊಟ್ಟರೆ ಅವು ಹಿಂದಕ್ಕೆ ಸರಿದಂತೆ ಕಾಣುತ್ತವೆ.

ಇಲ್ಲಿ ನೆನಪಿಡಬೇಕಾದ ಮಾತು ಒಂದಿದೆ. ಎಲ್ಲವನ್ನೂ ಮಸುಕು ಮಾಡಿದರೆ ಹೂವು ಉಳಿಯುವುದಿಲ್ಲ, ಬಟ್ಟೆಯ ಮೇಲೆ ಎಣ್ಣೆ ಚೆಲ್ಲಿದ ಕಲೆಯಂತೆ ಆಗುತ್ತದೆ. ಕಣ್ಣಿಗೆ ಹಿಡಿದು ನಿಲ್ಲಲು ಒಂದು ಜಾಗ ಚೂಪಾಗಿ ಇರಬೇಕು. ಹತ್ತಿ ಹೂವಿನಲ್ಲಿ ನಡುವಿನ ಕೇಸರ ಮತ್ತು ಬುಡದ ಮಚ್ಚೆಗೆ ಬ್ಲರ್ ಮುಟ್ಟಿಸಲಿಲ್ಲ. ಆ ಚೂಪು ಇದ್ದದ್ದರಿಂದ ಉಳಿದದ್ದು ಮೆತ್ತಗೆ ಕಂಡಿತು.

ಪರದೆಯ ಮೇಲೆ ಹೂವು ಆಯಿತು. ಅದು ಮಗ್ಗಕ್ಕೆ ಇಳಿಯುವುದು ಬೇರೆ ಮಾತು, ಅಲ್ಲಿಂದ ಮುಂದೆ ಕಾಕಾನೇ ನನ್ನ ಗುರು. ಅವರ ಜಕಾರ್ಡಿಗೆ 240 ಹುಕ್ಕು. ದಡಿಯಲ್ಲಿ ಇಂಚಿಗೆ 80 ಹಾಸಿನ ಎಳೆ ಇದ್ದರೆ 240 ಹುಕ್ಕಿಗೆ 3 ಇಂಚು ಅಗಲ. ಹೊಕ್ಕು ಇಂಚಿಗೆ 60. ಹೂವು 4 ಇಂಚು ಎತ್ತರ ಬೇಕೆಂದರೆ 240 ಹೊಕ್ಕು, ಅಂದರೆ 240 ರಟ್ಟಿನ ಕಾರ್ಡು. ಒಂದು ಹೊಕ್ಕಿಗೆ ಒಂದು ಕಾರ್ಡು, ತೂತು ಇದ್ದಲ್ಲಿ ಹುಕ್ಕು ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಹಾಗಾಗಿ 3 ಇಂಚು ಅಗಲ, 4 ಇಂಚು ಎತ್ತರದ ಹೂವು ಕಂಪ್ಯೂಟರಿನಲ್ಲಿ 240ಕ್ಕೆ 240 ಚುಕ್ಕೆಯ ಸಮಚೌಕವಾಗಬೇಕು. ಪರದೆಯ ಮೇಲೆ ಅದು ಕುಳ್ಳಗೆ, ದಪ್ಪಗೆ ಕಾಣುತ್ತದೆ. ಬಟ್ಟೆಯ ಮೇಲೆ ಸರಿಯಾದ ಆಕಾರಕ್ಕೆ ಬರುತ್ತದೆ. ಒಟ್ಟು 57,600 ಚುಕ್ಕೆ, ಪ್ರತಿಯೊಂದಕ್ಕೂ ‘ಏಳು’ ಇಲ್ಲವೇ ‘ಉಳಿ’ ಎಂಬ ಎರಡೇ ಉತ್ತರ. ದಡಿಯುದ್ದಕ್ಕೂ ಹೂವು ಮತ್ತೆ ಮತ್ತೆ ಬರುವುದರಿಂದ ಮೇಲಿನ ಅಂಚು ಕೆಳಗಿನ ಅಂಚಿಗೆ ಕೂಡಬೇಕು. ಕ್ರಿಟಾದಲ್ಲಿ ಚಿತ್ರ ತನಗೆ ತಾನೇ ಸುತ್ತಿಕೊಂಡಂತೆ ತೋರಿಸುವ ಸೌಲಭ್ಯವಿದೆ, ಕೂಡುವ ಜಾಗವನ್ನು ಅಲ್ಲೇ ತಿದ್ದಬಹುದು.

ಬಣ್ಣದ ಇಳಿಜಾರನ್ನು ಎರಡೇ ಉತ್ತರದಲ್ಲಿ ಹೇಳುವುದು ಹೇಗೆ? ಕಂಪ್ಯೂಟರಿನವರು ಇದಕ್ಕೆ ಚುಕ್ಕೆಗಳನ್ನು ಚೆದುರಿಸುವ ಉಪಾಯ ಮಾಡುತ್ತಾರೆ. ರಾಬರ್ಟ್ ಫ್ಲಾಯ್ಡ್ ಮತ್ತು ಲೂಯಿಸ್ ಸ್ಟೈನ್‌ಬರ್ಗ್ 1976ರಲ್ಲಿ ಪ್ರಕಟಿಸಿದ ವಿಧಾನ ಗಿಂಪಿನಲ್ಲಿ ಒಂದು ಗುಂಡಿ ಒತ್ತಿದರೆ ಸಿಗುತ್ತದೆ. ಪರದೆಗೆ, ಕಾಗದಕ್ಕೆ ಅದು ಚಂದ. ಬಟ್ಟೆಗೆ ಆಗಿಬರುವುದಿಲ್ಲ ಎಂದು ಕಾಕಾ ಚಿತ್ರ ನೋಡುತ್ತಲೇ ಹೇಳಿದರು. “ಇಲ್ಲಿ ನೋಡು, ಎಳಿ ಇಷ್ಟುದ್ದ ಸಡ್ಲ ಬೀಳತಾವ. ಉಟ್ಟಾಕಿ ಬಳಿಗೆ ಸಿಕ್ಕು ಹರೀತಾವ.” ಬಳೆಗೆ ಸಿಗುವ ಎಳೆಯ ಬಗ್ಗೆ ನಮ್ಮ ಇಂಜಿನಿಯರಿಂಗ್ ಪುಸ್ತಕದಲ್ಲಿ ಇರಲಿಲ್ಲ.

ಅವರು ತೋರಿಸಿದ ದಾರಿ ಸ್ಯಾಟಿನ್ ಕಟ್ಟು. ಎಂಟು ಎಳೆಯ ಗುಂಪು ಮಾಡಿಕೊಳ್ಳಬೇಕು. ಎಂಟರಲ್ಲಿ ಒಂದು ಹಾಸಿನ ಎಳೆ ಮೇಲಿದ್ದರೆ ಹೊಕ್ಕಿನ ಕೆನೆ ಬಣ್ಣವೇ ಹೆಚ್ಚು ಕಾಣುತ್ತದೆ. ಎಂಟರಲ್ಲಿ ಏಳು ಮೇಲಿದ್ದರೆ ಹಾಸಿನ ಕಡುಗೆಂಪು ಹೆಚ್ಚು. ನಡುವೆ ಎರಡು, ಮೂರು, ನಾಲ್ಕು, ಐದು, ಆರು. ಹೀಗೆ ಎರಡೇ ಬಣ್ಣದ ನೂಲಿನಲ್ಲಿ ಏಳು ಮೆಟ್ಟಿಲು ಬಣ್ಣ. ಕಟ್ಟು ಬೀಳುವ ಜಾಗ ಪ್ರತಿ ಹೊಕ್ಕಿಗೆ ಮೂರು ಎಳೆ ಸರಿಯಬೇಕು, 1, 4, 7, 2, 5, 8, 3, 6 ಹೀಗೆ. ಪಕ್ಕಪಕ್ಕಕ್ಕೆ ಬಿದ್ದರೆ ಓರೆ ಗೆರೆ ಮೂಡಿ ಹೂವು ಕೆಡುತ್ತದೆ. ಯಾವ ಎಳೆಯೂ ಏಳಕ್ಕಿಂತ ಹೆಚ್ಚು ಎಳೆ ದಾಟಿ ಸಡಿಲ ಬೀಳುವುದಿಲ್ಲ, ಬಳೆಗೂ ಸಿಗುವುದಿಲ್ಲ. ಗಿಂಪಿನಲ್ಲಿ ಚಿತ್ರವನ್ನು ಏಳು ಬಣ್ಣಕ್ಕೆ ಇಳಿಸಿ, ಪ್ರತಿ ಬಣ್ಣದ ಜಾಗಕ್ಕೆ ಆಯಾ ಕಟ್ಟಿನ 8ಕ್ಕೆ 8 ಚುಕ್ಕೆಯ ನಮೂನೆ ತುಂಬಿದೆ. ಎರಡು ಕಟ್ಟು ಸಂಧಿಸುವ ಜಾಗಗಳನ್ನು ಕಾಕಾ ಪಕ್ಕದಲ್ಲಿ ಕೂತು ಒಂದೊಂದಾಗಿ ತೋರಿಸಿದರು, ನಾನು ತಿದ್ದಿದೆ.

ತುಣುಕು ನೇಯ್ದು ಬಂದಾಗ ಹತ್ತಿರದಿಂದ ಬರೀ ಎಳೆ ಕಂಡವು. ಒಂದು ಮಾರು ದೂರ ಹಿಡಿದಾಗ ಹೂವು ಮೆತ್ತಗೆ ಅರಳಿತ್ತು. ಕಾಕಾ ಮಾತ್ರ ಹೂವು ನೋಡುವ ಮೊದಲು ಬಟ್ಟೆ ತಿರುವಿ ಹಿಂಬದಿ ನೋಡಿದರು, ಬೆರಳಾಡಿಸಿದರು, ಆಮೇಲೆ “ಆತು” ಅಂದರು. ಮೊದಲಿಗೆ 12 ಸೀರೆ ನೇಯ್ದರು. ವ್ಯಾಪಾರಿ ಮತ್ತೆ ಕೇಳಿದರು. ನಿಂತಿದ್ದ ಎರಡು ಮಗ್ಗಗಳಲ್ಲಿ ಒಂದು ತಿರುಗತೊಡಗಿತು.

ವಿದ್ಯಾರ್ಥಿಗಳೇ, ಇದರಲ್ಲಿ ಹೊಸದೇನೂ ಇಲ್ಲ ಎಂದು ಹೇಳುವುದೂ ನನ್ನ ಕರ್ತವ್ಯ. ಫ್ರಾನ್ಸಿನ ಲಿಯಾನ್ ಪಟ್ಟಣದ ಜೋಸೆಫ್ ಮಾರಿ ಜಕಾರ್ಡ್ ತೂತಿನ ಕಾರ್ಡುಗಳಿಂದ ನಡೆಯುವ ಮಗ್ಗವನ್ನು ರೂಪಿಸಿದ್ದು 1804ರ ಸುಮಾರಿಗೆ. ಅವರ ಭಾವಚಿತ್ರವನ್ನೇ 1839ರಲ್ಲಿ ಸುಮಾರು 24,000 ಕಾರ್ಡು ಬಳಸಿ ರೇಷ್ಮೆಯಲ್ಲಿ ನೇಯ್ದರು. ಮುಖದ ನೆರಳು ಬೆಳಕೆಲ್ಲ ನೂಲಿನಲ್ಲೇ ಬಂದಿತ್ತು. ಅದರ ಒಂದು ಪ್ರತಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜರ ಬಳಿ ಇತ್ತು. ಅವರು ಯೋಜಿಸಿದ ಲೆಕ್ಕದ ಯಂತ್ರಕ್ಕೆ ಅದೇ ಬಗೆಯ ಕಾರ್ಡುಗಳನ್ನು ಬಳಸಲು ಹೊರಟರು. ಆ ಯಂತ್ರದ ಬಗ್ಗೆ 1843ರಲ್ಲಿ ಬರೆದ ಅಡಾ ಲವ್‌ಲೇಸ್, ಮಗ್ಗ ಹೂವು ಎಲೆ ನೇಯುವಂತೆ ಈ ಯಂತ್ರ ಬೀಜಗಣಿತವನ್ನು ನೇಯುತ್ತದೆ ಎಂಬ ಅರ್ಥದ ಹೋಲಿಕೆ ಕೊಟ್ಟರು. ಮಗ್ಗದಲ್ಲಿ ತೂತು ಇದೆ, ಇಲ್ಲ. ಕಂಪ್ಯೂಟರಿನಲ್ಲಿ ಒಂದು, ಸೊನ್ನೆ. ಬನಹಟ್ಟಿಯ ಓಣಿಯಲ್ಲಿ ಸಪ್ಪಳ ಮಾಡುವ ಜಕಾರ್ಡು ನನ್ನ ನೌಕರಿಯ ಹಿರಿಯಣ್ಣ. ಮಗ್ಗದ ಮನೆಯಿಂದ ಬಂದ ಮಕ್ಕಳು ಕಂಪ್ಯೂಟರ್ ಎಂದರೆ ಅಂಜಬೇಕಾಗಿಲ್ಲ.

ಈಗ ಕಹಿ ಮಾತು. ಸೀರೆ ಪೇಟೆಗೆ ಹೋದ ಕೆಲವೇ ವಾರಗಳಲ್ಲಿ ಅದೇ ಹೂವು ಬೇರೆ ಕಡೆ ಅಗ್ಗದ ನೂಲಿನಲ್ಲಿ ಬಂತು. ಯಾರು, ಎಲ್ಲಿ ಎಂಬ ಚರ್ಚೆ ಇಲ್ಲಿ ಬೇಡ. ನೇಕಾರರಿಗೆ ಇದು ಹಳೆಯ ನೋವು. ಹೊಸ ನಮೂನೆ ಮಾಡಿದವನ ಶ್ರಮ ಮೊದಲ ಕಟ್ಟು ಸೀರೆಗೇ ಮುಗಿದರೆ ಎರಡನೆಯ ನಮೂನೆಗೆ ಯಾರೂ ಕೈ ಹಾಕುವುದಿಲ್ಲ. ಆದ್ದರಿಂದ ಒಂದು ವಿಷಯ ಎಲ್ಲರಿಗೂ ಗೊತ್ತಿರಲಿ. ನಮ್ಮ ದೇಶದಲ್ಲಿ 2000ನೇ ಇಸವಿಯ ವಿನ್ಯಾಸ ಕಾಯ್ದೆ ಇದೆ. ಹೊಸ ನಮೂನೆಯನ್ನು ನೋಂದಾಯಿಸಿದರೆ ಮೊದಲಿಗೆ 10 ವರ್ಷ, ಮುಂದೆ ಇನ್ನೂ 5 ವರ್ಷ ರಕ್ಷಣೆ ಸಿಗುತ್ತದೆ. ಆದರೆ ಅರ್ಜಿ ಹಾಕುವ ಮುಂಚೆ ಅದು ಪೇಟೆಯಲ್ಲಿ ಕಂಡಿರಬಾರದು. ಮೊದಲು ಅರ್ಜಿ, ಆಮೇಲೆ ಅಂಗಡಿ. ಕಾಕಾನ ಎರಡನೆಯ ನಮೂನೆಗೆ ನಾವು ಈ ಕ್ರಮವನ್ನೇ ಹಿಡಿದಿದ್ದೇವೆ.

ಕೊನೆಗೆ ಶಾಲೆಯಲ್ಲಿ ಒಂದು ವಿನಂತಿ. ತಿಂಗಳಿಗೆ ಎರಡು ಶನಿವಾರ ಕಂಪ್ಯೂಟರ್ ಕೋಣೆಯನ್ನು ಚಿತ್ರಕಲೆಯ ತಾಸಿಗೆ ಬಿಟ್ಟುಕೊಡಿ. ತಂತ್ರಾಂಶ ಹಾಕಿಕೊಡುವುದು, ಕಲಿಸುವುದು ನನ್ನ ಜವಾಬ್ದಾರಿ. ನಾನು ಬರಲಾಗದ ವಾರ ಫೋನಿನಲ್ಲಿ ಕೂತು ಕಲಿಸುತ್ತೇನೆ. ಆದರೆ ನನ್ನ ಪಕ್ಕದಲ್ಲಿ ಒಬ್ಬ ನೇಕಾರರೂ ಕೂಡಬೇಕು. ತೇರದಾಳ, ಮಹಾಲಿಂಗಪುರ, ರಬಕವಿ, ಬನಹಟ್ಟಿಯಲ್ಲಿ ಎಳೆಯ ಮರ್ಮ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರ ಮಕ್ಕಳು ಪುಣೆ, ಬೆಂಗಳೂರು ಸೇರಿದ್ದಾರೆ, ನಾನೂ ಅವರಲ್ಲೊಬ್ಬ. ಬ್ಲರ್ ಎಷ್ಟು ಕೊಡಬೇಕೆಂದು ನಾನು ಹೇಳಬಲ್ಲೆ. ಎಳೆ ಎಲ್ಲಿ ಕಟ್ಟಬೇಕೆಂದು ಅವರೇ ಹೇಳಬೇಕು. ಅವರು ಹೇಳಿದ್ದನ್ನು ಕೇಳಿಸಿಕೊಳ್ಳುವ ಮಕ್ಕಳು ಈ ಜಮಖಾನೆಯ ಮೇಲೆಯೇ ಕೂತಿದ್ದಾರೆ. ಬೀಳಗಿ, ಮುಧೋಳದ ಹೊಲದ ಮಕ್ಕಳು ಹೂವು ತರಲಿ, ಮಗ್ಗದ ಮನೆಯ ಮಕ್ಕಳು ಅದಕ್ಕೆ ಕಟ್ಟು ಹೇಳಲಿ.

 ನಮ್ಮ ಶಾಲೆ ಶತಮಾನ ಕಾಣಲಿ. ಜೈ ಹಿಂದ್, ಜೈ ಕರ್ನಾಟಕ.