ಮೈಸೂರಿಗೆ ಕಡಲು ತಪ್ಪಿದ್ದು ಯಾಕೆ?

ಬೆಳ್ತಂಗಡಿ ಪೇಟೆಗೆ ತಾಗಿಕೊಂಡಿರುವ ಲಾಯಿಲದಿಂದ ಗಡಾಯಿಕಲ್ಲು ದೂರವೇನಲ್ಲ. ಆ ಬಂಡೆಯ ಮೇಲೆ ಟಿಪ್ಪು ಸುಲ್ತಾನ್ 1794ರಲ್ಲಿ ಕಟ್ಟಿಸಿದ ಜಮಲಾಬಾದ್ ಕೋಟೆ ಐದೇ ವರ್ಷಕ್ಕೆ ಇಂಗ್ಲಿಷರ ಪಾಲಾಯಿತು. ಹಡಗು ಆಫ್ರಿಕಾವನ್ನು ಬಳಸಿಕೊಂಡು ಬರಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲ ಅದು. ಯುರೋಪಿನ ಉತ್ತರದ ಒಂದು ದ್ವೀಪದೇಶಕ್ಕೆ ಘಟ್ಟದ ಬುಡದ ಈ ಕಲ್ಲಿನಲ್ಲಿ ಏನು ಕೆಲಸ? ಅಕ್ಕಿ, ಕಾಳುಮೆಣಸು, ಕಂದಾಯ ಎನ್ನುವ ಉತ್ತರ ತಪ್ಪಲ್ಲ, ಆದರೆ ಅದು ಸಾಲದು. ಬ್ರಿಟನ್ನಿಗೆ ಕೆನರಾ ಕರಾವಳಿ ಬೇಕಾದದ್ದು ತಾನು ಬಳಸುವುದಕ್ಕಿಂತ ಹೆಚ್ಚಾಗಿ, ಅದು ಫ್ರಾನ್ಸಿನ ಕೈಗೆ ಸಿಗಬಾರದೆಂದು. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳದಲ್ಲಿ ಈ ವಿಷಯ ಮುಳುಗಿಹೋಗಿದೆ. ಅವನು ಕ್ರೈಸ್ತರನ್ನು ಸೆರೆಹಿಡಿದು ಒಯ್ದ ನೆನಪು ನಮ್ಮ ಜಿಲ್ಲೆಯಲ್ಲಿ ಇನ್ನೂ ಹಸಿಯಾಗಿದೆ, ಅದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಲಂಡನ್ನಿನವರು ಈ ಕಡಲನ್ನು ಹೇಗೆ ನೋಡಿದರು ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ದೊಡ್ಡ ಸಾಕ್ಷಿ 1799ರ ಪಾಲುಪಟ್ಟಿಯಲ್ಲೇ ಇದೆ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಇಡೀ ರಾಜ್ಯವನ್ನೇ ನುಂಗುವ ಬಲ ಈಸ್ಟ್ ಇಂಡಿಯಾ ಕಂಪನಿಗಿತ್ತು, ಆದರೂ ಬಯಲುಸೀಮೆಯ ದೊಡ್ಡ ಭಾಗವನ್ನು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಿಟ್ಟುಕೊಟ್ಟಿತು. ತಾನು ಇಟ್ಟುಕೊಂಡವುಗಳಲ್ಲಿ ಕೆನರಾ, ವಯನಾಡು, ಕೊಯಮತ್ತೂರು ಇದ್ದವು. ಮೈಸೂರಿಗೆ ಒಂದು ಅಳಿವೆಬಾಗಿಲೂ ಉಳಿಯಲಿಲ್ಲ. ಕಂಪನಿಯ ಒಪ್ಪಿಗೆಯಿಲ್ಲದೆ ಪರರಾಜ್ಯಗಳಿಗೆ ಪತ್ರ ಬರೆಯುವಂತಿಲ್ಲ, ಯುರೋಪಿಯನ್ನರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ ಎಂದೂ ಒಪ್ಪಂದವಾಯಿತು. ಇದನ್ನು ಅರಬ್ಬಿ ಸಮುದ್ರದ ಆಚೆ ದಡದಲ್ಲಿ ನಡೆದುದರ ಜೊತೆ ಇಟ್ಟು ನೋಡಬೇಕು. 1798ರ ಜುಲೈಯಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದ. ಅದೇ ವರ್ಷದ ಅಕ್ಟೋಬರಿನಲ್ಲಿ ಕಂಪನಿಯವರು ಮಸ್ಕತ್ತಿನ ದೊರೆಯಿಂದ, ಫ್ರೆಂಚರಿಗೆ ನೆಲೆ ಕೊಡುವುದಿಲ್ಲ ಎಂದು ಬರೆಸಿಕೊಂಡರು. ಮಸ್ಕತ್ತು ನಮ್ಮ ಕರಾವಳಿಯ ಅಕ್ಕಿ ಹೋಗುತ್ತಿದ್ದ ಊರು, ಟಿಪ್ಪುವಿನ ವ್ಯಾಪಾರದ ಕೋಠಿ ಇದ್ದ ಊರು. ಅಲ್ಲಿ ಕಾಗದದಲ್ಲಿ ಮುಗಿದ ಕೆಲಸವೇ ಮಂಗಳೂರಿನಲ್ಲಿ ಫಿರಂಗಿಯಿಂದ ಮುಗಿಯಿತು.

ಫ್ರೆಂಚರ ಭಯ ಬರೀ ನೆಪ ಎನ್ನುವವರಿದ್ದಾರೆ. ಅವರ ಮಾತಿಗೆ ಆಧಾರವೂ ಇದೆ. ಟಿಪ್ಪು ಮಾರಿಷಸ್ಸಿಗೆ ದೂತರನ್ನು ಕಳಿಸಿ ಬೇಡಿಕೊಂಡ ಮೇಲೆ, 1798ರ ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದಿಳಿದವರು ನೂರು ಮಂದಿಯ ಆಸುಪಾಸು. ಅಷ್ಟು ಜನಕ್ಕೆ ಒಂದು ಸಾಮ್ರಾಜ್ಯ ಹೆದರುತ್ತದೆಯೇ? ಆದರೆ ಹೆದರಿಕೆ ಇದ್ದದ್ದು ಆ ಮಂದಿಗಲ್ಲ, ಅವರು ಇಳಿದ ಬಂದರಿಗೆ. 1782-83ರಲ್ಲಿ ಫ್ರೆಂಚ್ ನೌಕಾಧಿಪತಿ ಸುಫ್ರೆನ್ ಪೂರ್ವದ ಕಡಲಲ್ಲಿ ಇಂಗ್ಲಿಷ್ ನೌಕಾಪಡೆಯೊಡನೆ ಐದು ಸಲ ಕಾದಾಡಿದ. ಅವನನ್ನು ಕಾಡಿದ ದೊಡ್ಡ ಕೊರತೆ, ಮುರಿದ ಕೂವೆಮರ ಸರಿಮಾಡಿಕೊಳ್ಳಲು, ನೀರು ಅಕ್ಕಿ ತುಂಬಿಕೊಳ್ಳಲು ಒಂದು ಭದ್ರವಾದ ಬಂದರು. ಅಕ್ಕಿ, ಘಟ್ಟದ ಮರ, ಸ್ನೇಹದ ದೊರೆ ಮೂರೂ ಒಟ್ಟಿಗೆ ಇದ್ದದ್ದು ಕೆನರಾದಲ್ಲಿ. 1783ರ ಮಂಗಳೂರು ಮುತ್ತಿಗೆಯಲ್ಲಿ ಟಿಪ್ಪುವಿನ ಜೊತೆ ಫ್ರೆಂಚ್ ತುಕಡಿ ಇತ್ತು, ಯುರೋಪಿನಲ್ಲಿ ಸಂಧಿಯಾದ ಸುದ್ದಿ ಮುಟ್ಟಿದ ಮೇಲೆ ಅದು ಹಿಂದೆ ಸರಿಯಿತು. ಮೇಲಾಗಿ 1796ರಲ್ಲಿ ಟಿಪ್ಪು 40 ಯುದ್ಧನೌಕೆಗಳ ಯೋಜನೆ ಹಾಕಿದ. ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು, ನಿಜ. ಆದರೂ ಕಡಲನ್ನೇ ನಂಬಿ ಬದುಕುವ ದೇಶ ಹಡಗು ನೀರಿಗಿಳಿಯುವ ತನಕ ಕಾಯುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಕರಾವಳಿ ಅಷ್ಟು ಮುಖ್ಯವಾಗಿದ್ದರೆ, 1792ರಲ್ಲಿ ಟಿಪ್ಪು ಸೋತು ಅರ್ಧ ರಾಜ್ಯ ಒಪ್ಪಿಸಿದಾಗ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕಡಲಂಚಿನಲ್ಲಿ ಮಲಬಾರನ್ನು ಮಾತ್ರ ತೆಗೆದುಕೊಂಡು ಕೆನರಾವನ್ನು ಬಿಟ್ಟದ್ದೇಕೆ? ತಾರೀಕುಗಳನ್ನು ನೋಡಿ. ಆಗ ಬ್ರಿಟನ್ನಿಗೂ ಫ್ರಾನ್ಸಿಗೂ ಯುದ್ಧವಿರಲಿಲ್ಲ, ಅದು ಶುರುವಾದದ್ದು 1793ರ ಫೆಬ್ರವರಿಯಲ್ಲಿ. ಮೆಣಸಿನ ನಾಡು ಮಲಬಾರು. ಶಾಂತಿಯಿದ್ದಾಗ ಮೆಣಸಿನ ಕರಾವಳಿ ಸಾಕಾಯಿತು, ಯುದ್ಧ ಬಂದ ಮೇಲೆ ಅಕ್ಕಿಯ ಕರಾವಳಿಯೂ ಬೇಕಾಯಿತು. ಏಳು ವರ್ಷಗಳಲ್ಲಿ ಕೆನರಾದ ಗದ್ದೆಗಳೇನೂ ಬದಲಾಗಿರಲಿಲ್ಲ, ಬದಲಾದದ್ದು ಯುರೋಪು.

ಬಂದರಿನ ಮೇಲೆ ಕಣ್ಣಿದ್ದರೆ ಒಳನಾಡಿನ ಜಮಲಾಬಾದ್ ಯಾಕೆ ಎಂದರೆ, ಮಂಗಳೂರಿನಿಂದ ನೇತ್ರಾವತಿಯಲ್ಲಿ ದೋಣಿಗಳು ಬಂಟ್ವಾಳದವರೆಗೆ ಬರುತ್ತಿದ್ದವು, ಅಲ್ಲಿಂದ ಮೇಲಕ್ಕೆ ಬೆಳ್ತಂಗಡಿ, ಚಾರ್ಮಾಡಿ, ಮೈಸೂರು ಸೀಮೆ. ಕೆಳಗೆ ಬಂದರು ಹಿಡಿದವನಿಗೆ ಘಟ್ಟದ ದಾರಿ ಕೈಯಲ್ಲಿರದಿದ್ದರೆ ನಿದ್ರೆಯಿಲ್ಲ. ಕೋಟೆ ಸಿಕ್ಕ ಮೇಲೂ ವಿಟ್ಲದ ಅರಸ ಹೆಗ್ಗಡೆಯ ಕಡೆಯವರು ಅದನ್ನು ಮತ್ತೆ ಕಸಿದುಕೊಂಡರು. ಅದನ್ನು ತಿರುಗಿ ಪಡೆಯಲು ಕಂಪನಿ ತಿಂಗಳುಗಟ್ಟಲೆ ಮುತ್ತಿಗೆ ಹಾಕಬೇಕಾಯಿತು.

ಗೆದ್ದ ಮೇಲೆ ಬ್ರಿಟಿಷರು ಇಲ್ಲಿ ಏನು ಮಾಡಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಲೆಕ್ಟರ್ ಥಾಮಸ್ ಮನ್ರೋ ಬಂದು ಕಂದಾಯ ನಿಗದಿಮಾಡಿದ, ಅಷ್ಟರಮಟ್ಟಿಗೆ ಲಾಭದ ಮಾತು ಸರಿ. ಆದರೆ ನೌಕಾನೆಲೆ ಬೊಂಬಾಯಿಯಲ್ಲೇ ಉಳಿಯಿತು. ಮಂಗಳೂರಿನ ಅಳಿವೆಯಲ್ಲಿ ಹೂಳು ತುಂಬಿ ದೊಡ್ಡ ಹಡಗುಗಳು ಹೊರಗಡಲಲ್ಲೇ ಲಂಗರು ಹಾಕುತ್ತಿದ್ದವು, ಸರಕು ಮಂಜಿಗಳಲ್ಲಿ ಸಾಗುತ್ತಿತ್ತು. ಒಂದೂವರೆ ಶತಮಾನ ಆಳಿದವರು ಅದನ್ನು ಆಳವಾದ ಬಂದರು ಮಾಡಲಿಲ್ಲ, ಅದರ ಅಗತ್ಯ ಅವರಿಗೆ ಕಾಣಲೂ ಇಲ್ಲ. ಕರಾವಳಿಯೂ ಮೈಸೂರೂ ಮತ್ತೆ ಒಂದೇ ರಾಜ್ಯವಾದದ್ದು 1956ರಲ್ಲಿ, ದೊಡ್ಡ ಹಡಗು ನೇರವಾಗಿ ಧಕ್ಕೆಗೆ ಬಂದು ನಿಲ್ಲುವ ಬಂದರು ಪಣಂಬೂರಿನಲ್ಲಿ ಆದದ್ದು 1970ರ ದಶಕದಲ್ಲಿ.